ಬಾವಿಯ ಈಜು ಸಮುದ್ರಕ್ಕೆ ಸಾಲದು

ಪ್ರಶ್ನೆ: ನಾವು ವಿಜಯಪುರದವರು. ಮಕ್ಕಳ ಬೇಸಿಗೆ ಸೂಟಿಯಲ್ಲಿ ಗೋಕರ್ಣ, ಮುರುಡೇಶ್ವರ ನೋಡಿಕೊಂಡು, ಎರಡು ದಿನ ಸಮುದ್ರದಲ್ಲಿ ಆಡಿಸಿಕೊಂಡು ಬರಬೇಕೆಂದು ಮಾಡಿದ್ದೇವೆ. ಮೈದುನನ ಸಂಸಾರವೂ ಕೂಡಿ ಹನ್ನೊಂದು ಮಂದಿ, ಕ್ರೂಸರ್ ಬಾಡಿಗೆಗೆ ಹೇಳಿಯಾಗಿದೆ. ನನ್ನ ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂಬತ್ತು, ಭಾವನ ಮಗನಿಗೆ ಹದಿನಾಲ್ಕು. ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಆದರೂ ಸಮುದ್ರ ಸ್ನಾನ ಮಾಡಲೇಬೇಕು ಅನ್ನುತ್ತಾರೆ. ಮೇ ಕೊನೆಯ ವಾರ ಹೊರಡುವ ಯೋಚನೆ. ನನಗೋ ನೀರೆಂದರೆ ಹೆದರಿಕೆ. ನಮ್ಮವರು ಮಾತ್ರ, ‘ನಾ ಸಣ್ಣಾಂವ ಇದ್ದಾಗಿಂದ ತ್ವಾಟದ ಬಾವ್ಯಾಗ ಈಜಿ ಬೆಳದಾಂವ, ನಾ ಇರ್ತೀನಲ್ಲ, ಏನ್ ಆಗ್ತದ’ ಅಂತಾರೆ. ಇಷ್ಟು ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ಏನೇನು ಎಚ್ಚರಿಕೆ ಬೇಕು?

ಉತ್ತರ (ಮಕ್ಕಳ ವೈದ್ಯರು, ಬೆಳಗಾವಿ):

ಹೋಗಿ, ಖಂಡಿತ ಹೋಗಿ. ನಮ್ಮ ಬಯಲುಸೀಮೆಯ ಮಕ್ಕಳು ಮೊದಲ ಸಲ ಸಮುದ್ರದ ಮುಂದೆ ನಿಂತಾಗ ಆಗುವ ಸಂತೋಷವನ್ನು ಹೆದರಿಕೆಗಾಗಿ ತಪ್ಪಿಸಬಾರದು. ನಾಲ್ಕು ವರ್ಷದ ಮಗು ಅಲೆಯ ಹಿಂದೆ ಓಡಿ, ಅಲೆ ಬಂದಾಗ ಕಿರುಚುತ್ತಾ ವಾಪಸ್ ಓಡಿ ಬರುವ ಆಟಕ್ಕೆ ಸಮನಾದ ಆಟಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಹೊರಡುವ ಮುನ್ನ ಎರಡು ಸಂಗತಿ ಬದಲಾಗಬೇಕು. ಒಂದು ನೀವು ಗೊತ್ತುಮಾಡಿದ ದಿನ. ಇನ್ನೊಂದು ನಿಮ್ಮ ಯಜಮಾನರ ಧೈರ್ಯ.

ಮೊದಲು ದಿನದ ಮಾತು. ಮೇ ಕೊನೆಯ ವಾರ ಬೇಡ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಅದಾದ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿ. ಮಳೆ ಬರುವುದಕ್ಕೆ ಮೊದಲೇ ಗಾಳಿ ತಿರುಗಿ ಸಮುದ್ರ ಕೆರಳಲು ಶುರುವಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮರಿಹಾಕುವ ಕಾಲ ಎಂಬುದು ಅದಕ್ಕೆ ಮುಖ್ಯ ಕಾರಣವಾದರೂ, ಆ ಹೊತ್ತಿನ ಕಡಲು ಎಂಥದ್ದೆಂದು ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. 2021ರ ಮೇ ಮಧ್ಯದಲ್ಲಿ ‘ತೌಕ್ತೆ’ ಚಂಡಮಾರುತ ಇದೇ ಕರಾವಳಿಗೆ ತಾಗಿಕೊಂಡು ಮೇಲಕ್ಕೆ ಹೋಯಿತು. ಶಾಲೆಗೆ ಏಪ್ರಿಲ್ ಎರಡನೇ ವಾರದಿಂದಲೇ ಸೂಟಿ ಇರುವಾಗ ಏಪ್ರಿಲ್‌ನಲ್ಲೇ, ತಪ್ಪಿದರೆ ಮೇ ಮೊದಲ ವಾರದಲ್ಲಿ ಹೋಗಿ ಬನ್ನಿ. ಕ್ರೂಸರ್‌ನವರಿಗೆ ಇವತ್ತೇ ಫೋನ್ ಮಾಡಿ ತಾರೀಖು ಬದಲಿಸಿ.

ಏಪ್ರಿಲ್, ಮೇನಲ್ಲೂ ಒಂದು ವಿಚಿತ್ರ ನಡೆಯುತ್ತದೆ. ದಂಡೆಯಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಎತ್ತರದ ಅಲೆಗಳು ಮರಳು ದಾಟಿ ಒಳಗೆ ಬರುತ್ತವೆ. ಹಿಂದೂ ಮಹಾಸಾಗರದ ತೀರ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ದಂಡೆ ಮುಟ್ಟುವುದು ಹೀಗೆ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ‘ಇನ್‌ಕಾಯಿಸ್’ ಇದನ್ನು ಮುಂಚೆಯೇ ಲೆಕ್ಕಹಾಕಿ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅವರ ಜಾಲತಾಣದಲ್ಲಿ ಉತ್ತರ ಕನ್ನಡದ ಮಾಹಿತಿ ನೋಡಿ. ಎಚ್ಚರಿಕೆ ಇದ್ದರೆ ಆ ದಿನ ದೇವರ ದರ್ಶನ ಮಾಡಿ, ಮರಳಿನ ಮೇಲ್ಭಾಗದಲ್ಲಿ ಆಡಿ, ನೀರಿಗೆ ಇಳಿಯಬೇಡಿ.

ಪಂಚಾಂಗವನ್ನೂ ಒಮ್ಮೆ ತೆರೆಯಿರಿ. ನಮ್ಮ ಕಡೆಯವರು ತೀರ್ಥಕ್ಷೇತ್ರಕ್ಕೆ ಅಮಾವಾಸ್ಯೆ, ಹುಣ್ಣಿಮೆ ನೋಡಿ ಹೊರಡುತ್ತಾರೆ. ಸಮುದ್ರದಲ್ಲಿ ಉಬ್ಬರ ಅತಿ ಹೆಚ್ಚು ಏರುವುದು, ಇಳಿತ ಅತಿ ಕೆಳಗೆ ಹೋಗುವುದು ಅದೇ ದಿನಗಳಲ್ಲಿ ಮತ್ತು ಅವುಗಳ ಮುಂದಿನ ಒಂದೆರಡು ದಿನ. ಅಷ್ಟು ನೀರು ಆರು ಗಂಟೆಯಲ್ಲಿ ಏರಿ, ಮತ್ತೆ ಆರು ಗಂಟೆಯಲ್ಲಿ ಇಳಿಯಬೇಕೆಂದರೆ ಸೆಳೆತವೂ ಜೋರಾಗಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರವಿಳಿತ ಕಡಿಮೆ. ಅತ್ತೆಯವರ ಪುಣ್ಯಸ್ನಾನಕ್ಕೆ ಹುಣ್ಣಿಮೆಯೇ ಆಗಬೇಕೆಂದರೆ ಆಗಲಿ, ಮಕ್ಕಳ ನೀರಾಟವನ್ನು ಮಾತ್ರ ಆ ದಿನ ದಂಡೆಯ ಅಂಚಿಗೇ ನಿಲ್ಲಿಸಿ.

ಇನ್ನು ಯಜಮಾನರ ಧೈರ್ಯ. ಈ ಭಾಗವನ್ನು ಅವರ ಮುಂದೆಯೇ ಕೂತು ಓದಿ.

ಬೆನ್ನಿಗೆ ಸೋರೆ ಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿತವರ ಬಗ್ಗೆ ನನಗೆ ಗೌರವವಿದೆ. ನಮ್ಮ ಕಡೆಯ ಜಿಲ್ಲೆಗಳಲ್ಲಿ ತಲೆಮಾರುಗಳು ಹಾಗೆಯೇ ಕಲಿತಿವೆ. ಆದರೆ ಬಾವಿಯ ನೀರು ನಿಂತ ನೀರು. ನಾಲ್ಕು ಕೈ ಬೀಸಿದರೆ ಗೋಡೆ ಸಿಗುತ್ತದೆ, ಕಲ್ಲಿನ ಮೆಟ್ಟಿಲು ಸಿಗುತ್ತದೆ, ಮೇಲೆ ಹಗ್ಗ ಹಿಡಿದು ಯಾರೋ ನಿಂತಿರುತ್ತಾರೆ. ಸಮುದ್ರದಲ್ಲಿ ಹಿಡಿಯಲು ಏನೂ ಇಲ್ಲ. ನೀರೇ ನಿಮ್ಮನ್ನು ಹೊತ್ತು ನಡೆಯುತ್ತದೆ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತಾರು ಸಣ್ಣವು ಬಂದು ನಂಬಿಕೆ ಹುಟ್ಟಿಸಿದ ಮೇಲೆ ಎರಡು ಮೂರು ದೊಡ್ಡವು ಒಟ್ಟಿಗೆ ಬರುತ್ತವೆ. ಕಾಲಡಿಯ ಮರಳು ಪ್ರತಿ ಅಲೆಗೂ ಜಾರುತ್ತದೆ. ಉಪ್ಪುನೀರು ಕಣ್ಣಿಗೆ, ಮೂಗಿಗೆ ಹೋದ ಕೂಡಲೇ ಬಾವಿಯಲ್ಲಿ ಕಲಿತ ಉಸಿರಿನ ಲೆಕ್ಕ ತಪ್ಪುತ್ತದೆ. ಮೇಲಾಗಿ ಬಾವಿಯಲ್ಲಿ ಅವರು ಈಜಿದ್ದು ಒಬ್ಬರೇ. ಅಳುತ್ತಾ ಕತ್ತಿಗೆ ಜೋತುಬಿದ್ದ ಮಗುವನ್ನು ಎತ್ತಿಕೊಂಡು ಈಜಿದ್ದಲ್ಲ.

ಅದಕ್ಕಿಂತ ದೊಡ್ಡ ಅಪಾಯ, ಈಜು ಬರುತ್ತದೆಂಬ ಧೈರ್ಯ ಮನುಷ್ಯನನ್ನು ಸೊಂಟದ ನೀರಿನಿಂದ ಎದೆಯ ನೀರಿಗೆ ಕರೆದೊಯ್ಯುವುದು. ಹಿಂದೆಯೇ ಹದಿನಾಲ್ಕರ ಹುಡುಗ ಹೋಗುತ್ತಾನೆ. ಅವನ ಹಿಂದೆ ಒಂಬತ್ತರ ಹುಡುಗಿ. ನಿಮ್ಮ ಪತ್ರ ಓದಿದಾಗ ನನಗೆ ನಾಲ್ಕು ವರ್ಷದ ಮಗುವಿಗಿಂತ ಆ ಹದಿನಾಲ್ಕರ ಹುಡುಗನದೇ ಹೆಚ್ಚು ಚಿಂತೆಯಾಯಿತು. ಸಣ್ಣ ಮಗುವಿನ ಮೇಲೆ ಹತ್ತು ಮಂದಿಯ ಕಣ್ಣಿರುತ್ತದೆ. ‘ಅವ ದೊಡ್ಡಾಂವ ಆಗ್ಯಾನ’ ಎಂದು ದೊಡ್ಡ ಹುಡುಗನನ್ನು ಯಾರೂ ನೋಡುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಅವರೂ ಸಮುದ್ರವಿಲ್ಲದ ಸೀಮೆಯ, ಬೆಳೆದ ಮಕ್ಕಳೇ.

ಅಲೆಯ ನಡುವೆ ನಡೆಯುವ ಸೆಳೆತವನ್ನು ನಿಮ್ಮವರಿಗೂ ಆ ಹುಡುಗನಿಗೂ ಬಿಡಿಸಿ ಹೇಳಬೇಕು. ದಂಡೆಗೆ ಬಂದು ಒಡೆದ ಅಲೆಗಳ ನೀರು ವಾಪಸ್ ಹೋಗಲು ದಾರಿ ಹುಡುಕುತ್ತದೆ. ಮರಳಿನ ದಿಬ್ಬದ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಆ ನೀರೆಲ್ಲ ಕೂಡಿ, ಕಿರಿದಾದ ಹೊಳೆಯಾಗಿ ಸಮುದ್ರದ ಕಡೆಗೆ ಹರಿಯುತ್ತದೆ. ಮೋಸವಿರುವುದು ಅದರ ನೋಟದಲ್ಲಿ: ಅಲ್ಲಿ ಅಲೆ ಒಡೆಯುವುದಿಲ್ಲ, ಬಿಳಿ ನೊರೆ ಕಡಿಮೆ, ನೀರು ಸ್ವಲ್ಪ ಕಪ್ಪಾಗಿ ಶಾಂತವಾಗಿ ಕಾಣುತ್ತದೆ. ಹಾಗಾಗಿ ಹೊಸಬರು ‘ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಇದೇ ಚಲೋ’ ಎಂದು ಅಲ್ಲಿಯೇ ಇಳಿಯುತ್ತಾರೆ. ಸಾಮಾನ್ಯವಾಗಿ ಅದರ ವೇಗ ಸೆಕೆಂಡಿಗೆ ಒಂದೆರಡು ಅಡಿ. ಜೋರಾದಾಗ ಎಂಟು ಅಡಿಯವರೆಗೂ ಹೋಗುತ್ತದೆ. ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರು ಈಜಲಾರರು.

ಅದು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೇ. ಸಾಯುವವರು ಸಾಯುವುದು ದಂಡೆಯ ಕಡೆ ನೇರವಾಗಿ ಈಜಿ ಈಜಿ ಸೋತು. ಸಿಕ್ಕಿಬಿದ್ದರೆ ಮೊದಲು ಬೆನ್ನ ಮೇಲೆ ತೇಲಿ ಉಸಿರು ಸಮ ಮಾಡಿಕೊಳ್ಳಬೇಕು, ಕೈಯೆತ್ತಿ ಸಹಾಯ ಕೇಳಬೇಕು. ಶಕ್ತಿ ಇದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗ ಸಿಕ್ಕ ಮೇಲೆ ಅಲೆಯ ಜೊತೆ ಒಳಗೆ ಬರಬೇಕು. ಹುಡುಗನಿಗೆ ಇದನ್ನು ಒಮ್ಮೆ ಹೇಳಿದರೆ ಸಾಲದು. ಮರಳಿನ ಮೇಲೆ ಗೆರೆ ಎಳೆದು, ಅವನ ಬಾಯಿಂದಲೇ ವಾಪಸ್ ಹೇಳಿಸಿ.

ಬೇರೆಯವರು ಮುಳುಗುವುದನ್ನು ಕಂಡಾಗ ಹಾರಿ ಹೋಗುವುದು ನಮ್ಮ ಜನರ ಸಹಜ ಗುಣ. ಒಳ್ಳೆಯ ಗುಣ, ಆದರೆ ಒಬ್ಬರನ್ನು ಉಳಿಸಲು ಹೋದ ಅಣ್ಣ, ಮಾವ, ಗೆಳೆಯ ಸಾಲಾಗಿ ಹೋಗುವುದೂ ಇದರಿಂದಲೇ. ಮುಳುಗುವವನು ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತಲು ನೋಡುತ್ತಾನೆ, ಉಳಿಸಲು ಹೋದವನ ತಲೆಯನ್ನೇ ಒತ್ತುತ್ತಾನೆ. ಜೀವರಕ್ಷಕರನ್ನು ಕೂಗಿ. ತೇಲುವಂಥದ್ದನ್ನು ಎಸೆಯಿರಿ: ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ನೀರಿನ ಕ್ಯಾನ್, ದೊಡ್ಡ ಚೆಂಡು, ಟ್ಯೂಬು. ಕ್ರೂಸರಿನಲ್ಲಿ ಒಂದು ಉದ್ದ ಹಗ್ಗ ಮತ್ತು ಅಂಥ ಎರಡು ಕ್ಯಾನ್ ಇರಲಿ. ದಂಡೆಗೆ ಹೋಗುವಾಗ ಬುತ್ತಿಯ ಚೀಲದ ಜೊತೆ ಅವೂ ಬರಲಿ.

ಈಗ ನನ್ನ ಉತ್ತರದ ತಿರುಳಿಗೆ ಬರುತ್ತೇನೆ. ಸಿನಿಮಾದಲ್ಲಿ ಮುಳುಗುವವರು ಕೈ ಬಡಿದು ಕೂಗುತ್ತಾರೆ. ನಿಜದಲ್ಲಿ ಮಗು ಸದ್ದಿಲ್ಲದೆ ಮುಳುಗುತ್ತದೆ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುವಾಗ ಉಸಿರು ಎಳೆದುಕೊಳ್ಳುವುದಕ್ಕೇ ಸಮಯ ಸಾಲದು, ಕೂಗಲು ಉಸಿರೆಲ್ಲಿ? ಕೈಗಳು ತಾವಾಗಿಯೇ ಪಕ್ಕದ ನೀರನ್ನು ಒತ್ತುತ್ತಿರುತ್ತವೆ, ಬೀಸಲು ಬರುವುದಿಲ್ಲ. ತಲೆ ಹಿಂದಕ್ಕೆ ವಾಲಿ, ದೇಹ ನೆಟ್ಟಗೆ ನಿಂತಂತೆ ಇದ್ದು, ದೂರದಿಂದ ನೋಡಿದರೆ ಮಗು ಆಡುತ್ತಿದೆ ಅನ್ನಿಸುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಹನ್ನೊಂದು ಮಂದಿಯಲ್ಲಿ ಐದಾರು ಹಿರಿಯರು ದಂಡೆಯಲ್ಲೇ ಇದ್ದರೂ ಇದು ನಡೆಯುತ್ತದೆ. ಎಲ್ಲರೂ ಇದ್ದಾರೆ ಎಂದಾಗ ನೋಡುವವರು ಯಾರೂ ಇರುವುದಿಲ್ಲ. ನೀವು ಮೈದುನ ನೋಡುತ್ತಿದ್ದಾರೆ ಅಂದುಕೊಳ್ಳುತ್ತೀರಿ, ಅವರು ನೆಗೆಣ್ಣಿ ನೋಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಅವಳು ಫೋಟೋ ತೆಗೆಯುತ್ತಿರುತ್ತಾಳೆ.

ಆದ್ದರಿಂದ ದಂಡೆಗೆ ಇಳಿಯುವ ಮೊದಲು, ವಾಹನದಲ್ಲಿ ಕೂತಾಗಲೇ ಹೆಸರು ಹಿಡಿದು ಹಂಚಿಕೊಳ್ಳಿ. ಸಣ್ಣವನು ನಿಮ್ಮ ಪಾಲಿಗೆ, ಮಗಳು ನಿಮ್ಮವರ ಪಾಲಿಗೆ, ದೊಡ್ಡ ಹುಡುಗ ಮೈದುನರ ಪಾಲಿಗೆ, ಅವರ ಮಕ್ಕಳಿಗೆ ಇನ್ನೊಬ್ಬರು. ಕಾಯುವವರ ಕೈಯಲ್ಲಿ ಮೊಬೈಲ್ ಬೇಡ. ಸಣ್ಣ ಮಗುವಿನಿಂದ ಒಂದು ತೋಳಳತೆಗಿಂತ ದೂರ ನಿಲ್ಲಬೇಡಿ. ಕೈ ಚಾಚಿದರೆ ರಟ್ಟೆ ಸಿಗಬೇಕು. ಅರ್ಧ ಗಂಟೆಯಾದ ಮೇಲೆ ಪಾಳಿ ಬದಲಿಸಿ, ‘ಈಗಿಂದ ನೀ ನೋಡು’ ಎಂದು ಬಾಯಿಬಿಟ್ಟು ಹೇಳಿಯೇ ಕದಲಿ. ಮದ್ಯ ಮುಟ್ಟಿದವರಿಗೆ ಆ ದಿನ ಯಾವ ಮಗುವಿನ ಪಾಲೂ ಇಲ್ಲ, ನೀರೂ ಇಲ್ಲ. ಕೊನೆಯ ಮಾತು ಕೆಲವು ಮನೆಗಳಲ್ಲಿ ಜಗಳಕ್ಕೆ ಕಾರಣವಾಗುತ್ತದೆ. ಆಗಲಿ.

ಎಷ್ಟು ನೀರು? ನಿಮ್ಮ ಮಗನ ಎತ್ತರ ಸುಮಾರು ಒಂದು ಮೀಟರ್ ಇರಬಹುದು. ನಿಮ್ಮ ಮೊಣಕಾಲು ಮುಟ್ಟಿದ ನೀರು ಅವನ ಸೊಂಟದ ಹತ್ತಿರ ಬರುತ್ತದೆ, ಅಲೆ ಬಂದಾಗ ಎದೆ ದಾಟುತ್ತದೆ. ಅವನಿಗೆ ಪಾದ ನೆನೆಯುವಷ್ಟು ನೀರೇ ಸಮುದ್ರ. ಕೂತು ಮರಳಿನ ಗುಡಿ ಕಟ್ಟಲಿ. ಗುಂಡಿ ತೋಡಿದರೆ ಅವನ ಮೊಣಕಾಲಿಗಿಂತ ಆಳ ಬೇಡ, ಮರಳು ಕುಸಿದರೆ ಮೈಮೇಲೆಯೇ ಬೀಳುತ್ತದೆ. ಮಗಳಿಗೆ ಅವಳ ಮೊಣಕಾಲು. ಹದಿನಾಲ್ಕರ ಹುಡುಗನಿಗೂ, ನಿಮ್ಮವರಿಗೂ ಸೊಂಟವೇ ಗಡಿ. ಗಾಳಿ ತುಂಬುವ ರಿಂಗು, ಕೈಗೆ ಹಾಕುವ ಬುಗ್ಗೆಗಳು ಆಟದ ಸಾಮಾನು, ರಕ್ಷಣೆಯವಲ್ಲ. ದಂಡೆಯಿಂದ ಹೊರಗೆ ಬೀಸುವ ಗಾಳಿ ರಿಂಗಿನ ಸಮೇತ ಮಗುವನ್ನು ಒಯ್ಯುತ್ತದೆ. ದೋಣಿ ಏರುವುದಾದರೆ ಮಗುವಿನ ಅಳತೆಯ, ಕಾಲಸಂದಿಯ ಪಟ್ಟಿ ಇರುವ ಲೈಫ್ ಜಾಕೆಟ್ ಬೇಕು. ದೊಡ್ಡವರದು ಹಾಕಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಕಳಚಿಹೋಗುತ್ತದೆ. ಅಳತೆಯದು ಇಲ್ಲದಿದ್ದರೆ ದೋಣಿ ಬೇಡ ಎಂದುಬಿಡಿ.

ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ಜೀವರಕ್ಷಕರು ಕಾಣುವ ಕಡೆ ಮಾತ್ರ ಇಳಿಯಿರಿ. ಅವರು ಬೇಡವೆಂದರೆ ವಾದ ಮಾಡಬೇಡಿ. ಆ ದಿನದ ಆ ನೀರನ್ನು ಬೆಳಗಿನಿಂದ ನೋಡಿದವರು ಅವರು. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಅವರ ಕಣ್ಣಳತೆಯಲ್ಲಿದೆ ಎಂದರ್ಥ, ಬರಿ ಕೆಂಪು ಬಾವುಟ ಇದ್ದರೆ ಇಳಿಯಬಾರದು. ಹೊನ್ನಾವರದ ಹತ್ತಿರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಗುರುತಿಸಿದ ಸ್ನಾನದ ಜಾಗ, ಜೀವರಕ್ಷಕರು ಇದ್ದರೇ ಆ ಮಾನ್ಯತೆ. ಗೋಕರ್ಣದಿಂದ ಮುರುಡೇಶ್ವರಕ್ಕೆ ಹೋಗುವ ದಾರಿಯಲ್ಲೇ ಸಿಗುವುದರಿಂದ, ಮಕ್ಕಳ ನೀರಾಟವನ್ನು ಅಲ್ಲಿಗೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ನದಿ ಸಮುದ್ರ ಸೇರುವ ಅಳಿವೆಗಳ ಹತ್ತಿರ ಎಲ್ಲೂ ಇಳಿಯಬೇಡಿ: ಗಂಗಾವಳಿ, ಅಘನಾಶಿನಿ, ಶರಾವತಿ, ಕಾರವಾರದ ಕಾಳಿ. ನೋಡಲು ಶಾಂತ, ಒಳಗೆ ಬಲವಾದ ಹರಿವು. ಗೋಕರ್ಣದ ಓಂ ಬೀಚಿನಲ್ಲಿ ಕರಿ ಬಂಡೆಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಆಸೆ ಆ ಹದಿನಾಲ್ಕರವನಿಗೆ ಬಂದೇ ಬರುತ್ತದೆ. ಪಾಚಿ ಹಿಡಿದ ಬಂಡೆ, ಹಿಂದಿನಿಂದ ಬರುವ ಅಲೆ, ಎರಡನ್ನೂ ಮೊದಲೇ ಹೇಳಿಟ್ಟಿರಿ. ಸೂರ್ಯ ಮುಳುಗುವುದನ್ನು ದಂಡೆಯ ಮೇಲೆ ಕೂತು ನೋಡಿ. ಆ ಹೊತ್ತಿಗೆ ಎಲ್ಲರೂ ನೀರಿನಿಂದ ಹೊರಗಿರಬೇಕು.

ಆಗಬಾರದ್ದು ಆಗಿ, ಮಗುವನ್ನು ನೀರಿನಿಂದ ಎತ್ತಿದಿರಿ ಎಂದಿಟ್ಟುಕೊಳ್ಳಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಿ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಎದೆ ಏರುವಷ್ಟು ಉಸಿರು ಎರಡರಿಂದ ಐದು ಸಲ ಊದಿ. ನೀರಿನಲ್ಲಿ ಮುಳುಗಿದ ಮಗುವಿಗೆ ಮೊದಲು ಬೇಕಾದ್ದು ಗಾಳಿ. ಆಮೇಲೆ ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಅಂಗೈ ಇಟ್ಟು, ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯುವಂತೆ 30 ಸಲ ಒತ್ತಿ, ಮತ್ತೆ ಎರಡು ಸಲ ಊದಿ. ನಿಮಿಷಕ್ಕೆ 100ರಿಂದ 120 ಒತ್ತಿನ ವೇಗ ಇರಲಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಮಗು ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ತೂಗುವುದು, ಹೊತ್ತು ಗರಗರ ತಿರುಗಿಸುವುದು ಬೇಡ. ಹೊಟ್ಟೆಯ ನೀರು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ, ಉಸಿರು ಕೊಡಬೇಕಾದ ನಿಮಿಷಗಳು ಕಳೆದುಹೋಗುತ್ತವೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಎಂಬ ಸುಳ್ಳು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಹಾವೇರಿ, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಲ್ಲಿ ತಂದೆತಾಯಿ ಇದನ್ನು ನಂಬಿ, ಮೂಟೆಗಟ್ಟಲೆ ಉಪ್ಪು ತಂದು, ಮಕ್ಕಳ ದೇಹಗಳನ್ನು ಗಂಟೆಗಟ್ಟಲೆ ಅದರಲ್ಲಿ ಇಟ್ಟು ಕಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಆ ತಂದೆತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಉಪ್ಪಿಗೆ ಆ ಶಕ್ತಿ ಇಲ್ಲ. ಆ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂದರೆ ಅಲ್ಲಿಯೇ ಅಳಿಸಿ, ಕಳಿಸಿದವರಿಗೆ ಯಾಕೆ ಎಂದು ಹೇಳಿ. ಮತ್ತೆ, ನೀರು ಕುಡಿದು ಕೆಮ್ಮಿ ಸುಧಾರಿಸಿಕೊಂಡ ಮಗುವಿಗೆ ಕೆಮ್ಮು ನಿಲ್ಲದಿದ್ದರೆ, ಉಸಿರು ಜೋರಾದರೆ, ಮಂಕಾದರೆ ಆಸ್ಪತ್ರೆಗೆ ಒಯ್ಯಿರಿ. ಅಂಥ ಮಕ್ಕಳನ್ನು ಆರೆಂಟು ಗಂಟೆಯಾದರೂ ಕಣ್ಗಾವಲಿನಲ್ಲಿ ಇಡಬೇಕಾಗುತ್ತದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ.

‘ವಿಜಯಪುರದ ಬಿಸಿಲು ಕಂಡವರಿಗೆ ಗೋಕರ್ಣದ ಬಿಸಿಲು ಯಾವ ಲೆಕ್ಕ’ ಅನ್ನಬೇಡಿ. ನಮ್ಮಲ್ಲಿ 41, 42 ಡಿಗ್ರಿಯಾದರೂ ಗಾಳಿ ಒಣಗಿರುತ್ತದೆ. ಬೆವರು ಆರಿ ಮೈ ತಣ್ಣಗಾಗುತ್ತದೆ. ಕರಾವಳಿಯಲ್ಲಿ 34 ಡಿಗ್ರಿಯೇ ಇದ್ದರೂ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ಸುರಿಯುತ್ತದೆ, ಮೈ ತಣಿಯುವುದಿಲ್ಲ. ಬೆಳಿಗ್ಗೆ ಹತ್ತೂವರೆಯೊಳಗೆ, ಸಂಜೆ ನಾಲ್ಕರ ನಂತರ ಮಾತ್ರ ದಂಡೆಗೆ ಹೋಗಿ. ಮಕ್ಕಳಿಗೆ ತುಂಬುತೋಳಿನ ತೆಳು ಹತ್ತಿ ಅಂಗಿ, ಟೊಪ್ಪಿಗೆ. ನೀಲಿ, ಬಿಳಿ ಬೇಡ, ನೀರಿನಲ್ಲಿ ಕಾಣಿಸುವುದಿಲ್ಲ. ಕಿತ್ತಳೆ, ಕೆಂಪು, ಗಿಳಿಹಸಿರು ಹಾಕಿ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು. ಎಳನೀರು, ಮಜ್ಜಿಗೆ ಆಗಾಗ ಕುಡಿಸಿ. ವಾಂತಿಭೇದಿಯಾದರೆ ಓಆರ್‌ಎಸ್: ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಸಣ್ಣದು 200 ಮಿಲಿಲೀಟರಿಗೆ, ಪೊಟ್ಟಣ ಓದಿಯೇ ಕಲಸಿ. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಜೆಲ್ಲಿ ಮೀನು ತಾಗಿ ಉರಿದರೆ ಮರಳಿನಿಂದ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಕಡ್ಡಿಯಿಂದ ತೆಗೆದು, ಕೈ ತಾಳುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಉಸಿರು ಕಟ್ಟಿದಂತಾದರೆ, ಮೈಯೆಲ್ಲ ಬಾತರೆ ಆಸ್ಪತ್ರೆಗೆ.

ಅತ್ತೆಯವರ ಸ್ನಾನ ತಪ್ಪಿಸಬೇಡಿ. ಇಬ್ಬರು ಎರಡೂ ಕೈ ಹಿಡಿದು, ಪಾದ ಮುಳುಗುವ ನೀರಿನಲ್ಲಿ ಕುಳ್ಳಿರಿಸಿ, ತಂಬಿಗೆಯಲ್ಲಿ ನೀರು ತುಂಬಿ ತಲೆಗೆ ಹಾಕಿ. ಪುಣ್ಯಕ್ಕೆ ಅಷ್ಟು ನೀರು ಸಾಕು. ಒದ್ದೆ ಇಳಕಲ್ ಸೀರೆ ಅಲೆಯಲ್ಲಿ ಕಾಲಿಗೆ ಸುತ್ತಿಕೊಂಡರೆ ಏಳಲಾಗುವುದಿಲ್ಲ. ನಿಮಗೂ ನೆಗೆಣ್ಣಿಗೂ ಇದೇ ಮಾತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆ ಇರುವುದರಿಂದ ಕಾದ ಮರಳಿನ ಸುಡುವಿಕೆ, ಚಿಪ್ಪು ಚುಚ್ಚಿದ ಗಾಯ ಅವರಿಗೆ ತಿಳಿಯುವುದೇ ಇಲ್ಲ. ಚಪ್ಪಲಿ ಹಾಕಿಸಿಯೇ ನಡೆಸಿ, ರಾತ್ರಿ ಪಾದ ನೋಡಿ. ಮಾತ್ರೆ ತಗೊಂಡು ಊಟ ತಡವಾಗುವಂತೆ ಮಾಡಬೇಡಿ.

ದಾರಿ ನಿಮಗೆ ಒಂದೇ ಹೆದ್ದಾರಿ: ವಿಜಯಪುರದಿಂದ ಹುಬ್ಬಳ್ಳಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಅಂಕೋಲಾಕ್ಕೆ ಮುಟ್ಟುತ್ತದೆ. ಮುನ್ನೂರು ಕಿಲೋಮೀಟರ್ ಮೀರಿದ ಪ್ರಯಾಣ, ನಸುಕಿನಲ್ಲೇ ಹೊರಡಿ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ತಿರುವುಗಳಲ್ಲಿ ಬಯಲುಸೀಮೆಯ ಮಕ್ಕಳು ವಾಂತಿ ಮಾಡುತ್ತಾರೆ. ಕೊಲ್ಹಾರದ ಮೊಸರು ಎಷ್ಟು ಒಳ್ಳೆಯದಿದ್ದರೂ ಆ ದಿನ ಹೊಟ್ಟೆ ತುಂಬ ಉಣ್ಣಿಸಿ ಘಟ್ಟ ಇಳಿಸಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚುರುಮುರಿ ಸಾಕು. ಕ್ರೂಸರಿನ ಹಿಂಬದಿಯ ಅಡ್ಡ ಸೀಟಿನಲ್ಲಿ ಮಕ್ಕಳನ್ನು ಕೂರಿಸದೆ ನಡುವಿನ ಸೀಟಿನಲ್ಲಿ ಮುಂದೆ ನೋಡುವಂತೆ ಕೂರಿಸಿ.

ಇಷ್ಟು ಸಮುದ್ರದ ವಿಚಾರ. ಆದರೆ ನೀವು ಕೇಳದ ಒಂದನ್ನು ಹೇಳದೆ ಈ ಉತ್ತರ ಮುಗಿಸಲಾರೆ. ನಿಮ್ಮ ಮಕ್ಕಳು ಸಮುದ್ರದ ಹತ್ತಿರ ಇರುವುದು ಎರಡು ದಿನ. ಸೂಟಿಯ ಉಳಿದ ದಿನಗಳಲ್ಲಿ ಅವರು ಇರುವುದು ಹೊಲ, ತೋಟ, ಅಜ್ಜಿಯ ಊರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಇದು ನಾಲ್ಕನೇ ದೊಡ್ಡ ಕಾರಣ, ಐದರಿಂದ ಹದಿನಾಲ್ಕರವರಿಗೆ ಮೂರನೆಯದು. ನಮ್ಮ ಕಡೆ ಮಕ್ಕಳನ್ನು ಕಳೆದುಕೊಳ್ಳುತ್ತಿರುವುದು ಅಲೆಗಳಲ್ಲಿ ಅಲ್ಲ. ಕಾಲುವೆಯಲ್ಲಿ, ಕಟ್ಟೆಯಿಲ್ಲದ ಬಾವಿಯಲ್ಲಿ, ಕೃಷಿ ಹೊಂಡದಲ್ಲಿ.

ಕೃಷಿ ಹೊಂಡದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿ ಹೊಂಡಗಳು ಹೆಚ್ಚಿದವು. ಬೆಳೆಗೆ ಜೀವ ಕೊಡುವ ಒಳ್ಳೆಯ ಕೆಲಸ. ಆದರೆ ಅದು ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಕಾಲಿಟ್ಟ ಮಗು ಜಾರಿ ಒಳಗೆ ಹೋಗುತ್ತದೆ; ಈಜು ಬಂದರೂ ಹತ್ತಿ ಹೊರಗೆ ಬರಲಾಗುವುದಿಲ್ಲ, ಏಕೆಂದರೆ ಕೈಗೆ ಸಿಗುವುದು ಜಾರುವ ಹಾಳೆ ಮಾತ್ರ. ಕೈ ಕೊಡಲು ಹೋದ ಅಕ್ಕ, ಅಣ್ಣನೂ ಹಾಗೆಯೇ ಹೋಗುತ್ತಾರೆ. ಬಾವಿಯಲ್ಲಿ ಈಜಿದ ಧೈರ್ಯ ಇಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ. ಆಲಮಟ್ಟಿ, ಮುಳವಾಡ, ಘಟಪ್ರಭಾ ಕಾಲುವೆಗಳ ಕಾಂಕ್ರೀಟ್ ಇಳಿಜಾರಿನ ಕಥೆಯೂ ಇದೇ, ಮೇಲಿಂದ ಹರಿವಿನ ಬಲ ಬೇರೆ. ಬಟ್ಟೆ ಒಗೆಯಲು ಹೋದ ತಾಯಿಯ ಜೊತೆ ಹೋದ ಮಗು, ಎಮ್ಮೆ ಮೈ ತೊಳೆಯಲು ಹೋದ ಹುಡುಗ.

ಮಗಳಿಗೆ ಈಜು ಕಲಿಸಿ. ನಿಮ್ಮವರ ಬಾವಿಯ ಈಜು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ನಮ್ಮಲ್ಲಿ ಗಂಡುಮಕ್ಕಳನ್ನು ಬಾವಿಗೆ ಇಳಿಸುತ್ತಾರೆ, ಹೆಣ್ಣುಮಕ್ಕಳನ್ನು ದಡದಲ್ಲಿ ಬಟ್ಟೆ ಕಾಯಲು ನಿಲ್ಲಿಸುತ್ತಾರೆ; ನೀರಿಗೆ ಬೀಳುವುದು ಮಾತ್ರ ಇಬ್ಬರೂ. ಆರು ವರ್ಷ ದಾಟಿದ ಎಲ್ಲ ಮಕ್ಕಳಿಗೂ ಈಜು ಮತ್ತು ನೀರಿನ ಎಚ್ಚರ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಈ ಸೂಟಿಯಲ್ಲಿ ಅಪ್ಪನೇ ಅವಳಿಗೆ ಬೆನ್ನ ಮೇಲೆ ತೇಲುವುದನ್ನು ಕಲಿಸಲಿ.

ನಿಮ್ಮ ಹೊಲದಲ್ಲಾಗಲಿ, ಪಕ್ಕದವರ ಹೊಲದಲ್ಲಾಗಲಿ ಹೊಂಡ ಇದ್ದರೆ ಗೋಕರ್ಣಕ್ಕೆ ಹೊರಡುವ ಮೊದಲೇ ಒಂದು ದಿನ ಇದಕ್ಕೆ ಕೊಡಿ. ಸುತ್ತ ತಂತಿ ಬೇಲಿ, ಇಲ್ಲವೇ ಮುಳ್ಳಿನ ಒತ್ತು ಬೇಲಿ, ಚಿಲಕ ಇರುವ ಬಾಗಿಲು. ನಾಲ್ಕೂ ಮಗ್ಗುಲಿಗೆ ಗಟ್ಟಿ ಗೂಟ ಬಡಿದು, ಒಂದೊಂದು ಅಡಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಹಳೆಯ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಒಂದು ಕಡೆ ಏಣಿಯಂತೆ ಇಳಿಸಿ, ಗಾಳಿ ತುಂಬಿದ ಒಂದು ಟ್ಯೂಬನ್ನು ಹಗ್ಗ ಕಟ್ಟಿ ನೀರಿನಲ್ಲೇ ತೇಲಬಿಡಿ. ಗೂಟ ಅಲುಗಾಡುತ್ತದೆಯೇ ಎಂದು ನಿಮ್ಮವರೇ ಹಗ್ಗ ಹಿಡಿದು ಪೂರ್ತಿ ಭಾರ ಬಿಟ್ಟು ಎಳೆದು ನೋಡಲಿ. ಹಗ್ಗ ಬಿಸಿಲಿಗೆ ಎರಡು ವರ್ಷದಲ್ಲಿ ಸಡಿಲವಾಗುತ್ತದೆ, ಪ್ರತಿ ಬೇಸಿಗೆಗೆ ಬದಲಿಸಿ.